ಅಯ್ಯಮ್ಮ ಆಡದ ಮಾತು

ನನ್ನ ಅಂಕಣವನ್ನು ಇಷ್ಟು ಶ್ರದ್ಧೆಯಿಂದ ಹಿಂದೆ ಯಾರೂ ಓದಿರಲಿಲ್ಲ. ಇಂಗ್ಲಿಷಿಗೆ ಅನುವಾದ ಮಾಡಿಸಿ, ನೋಟರಿ ಮೊಹರು ಹಾಕಿಸಿ, ಸಾಲು ಸಾಲಿಗೂ ನಂಬರ್ ಕೊಟ್ಟಿದ್ದರು. ಓದಿದವರು ಅಭಿಮಾನಿಯಲ್ಲ. ಒಂದು ಕಂಪನಿಯ ವಕೀಲರು.

ಸುದ್ದಿ ಕೊಟ್ಟವನು ಗುರುರಾಜ. ಮಾನ್ವಿಯ ನನ್ನ ಸೋದರಮಾವನ ಮಗ, ರಾಯಚೂರಿನಲ್ಲಿ ಪೇಟೆಂಟ್ ಏಜೆಂಟ್. (ಅದೇನು ಕೆಲಸವೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೇಳಿ ಹೇಳಿ ಅವನೂ ಸೋತಿದ್ದಾನೆ.) ಕಾಲೇಜಿನಲ್ಲಿ ಫಿಸಿಕ್ಸ್ ಕ್ಲಾಸು ಮುಗಿಸಿ ಹೊರಬಂದಿದ್ದೆ, ಫೋನ್ ಬಂತು.

“ಅಕ್ಕಾ, ಅಯ್ಯಮ್ಮನ ಅರ್ಜಿಗೆ ವಿರೋಧ ಬಂದದ.”

“ಯಾರದು?”

“ಒಂದು ಕಂಪನೀದು. ಆದ್ರ ಸಾಕ್ಷಿ ನಿಂದು.”

ದೇವದುರ್ಗದ ಅಯ್ಯಮ್ಮನ ಬಗ್ಗೆ ಇದೇ ಜಾಗದಲ್ಲಿ ಬರೆದಿದ್ದೆ. ಕುರಿ ಸಾಕುವ ಮನೆತನ. ಆದರೆ ಆಕೆ ವರ್ಷಗಟ್ಟಲೆ ಮಾಡಿದ್ದು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಸಂಜೆಯಾದರೆ ಬೆರಳು ಬೆಂಕಿ. ಆ ಕೈಯಿಂದ ಕಣ್ಣು ಒರೆಸಿಕೊಂಡರೆ ಮುಗಿಯಿತು. ಮನೆಯಲ್ಲಿ ಉಣ್ಣೆ ಹಿಂಜುವುದನ್ನು ನೋಡಿ ಬೆಳೆದವರು; ಹಲ್ಲಿರುವ ಎರಡು ಉರುಳೆಗಳನ್ನು ಜೋಡಿಸಿ ಕೈಯಿಂದ ತಿರುಗಿಸುವ ಮಿಷನ್ ಮಾಡಿದರು. ತೊಟ್ಟು ಮಾತ್ರ ಕಿತ್ತು ಬರುತ್ತದೆ, ಕಾಯಿ ಒಡೆಯುವುದಿಲ್ಲ.

ಶಾಲೆಯೊಂದರ ವಿಜ್ಞಾನ ಕಾರ್ಯಕ್ರಮಕ್ಕೆಂದು ದೇವದುರ್ಗಕ್ಕೆ ಹೋದವಳು ಅದನ್ನು ನೋಡಿದೆ, ಚಹಾ ಕುಡಿದೆ, ಬಂದು ಬರೆದೆ. ಫಿಸಿಕ್ಸ್ ಮೇಡಂ ಅಲ್ಲವೇ? ಉರುಳೆಯ ಹಲ್ಲು ಯಾವ ಕೋನದಲ್ಲಿ ಕೂಡುತ್ತದೆ ಎಂಬುದನ್ನೂ ಬಿಡಲಿಲ್ಲ.

ಅಂಕಣ ಬಂದ ವಾರದಲ್ಲೇ ಅಯ್ಯಮ್ಮ ಗಾಬರಿಯಾಗಿ ರಾಯಚೂರಿಗೆ ಬಂದರು. ಯಾರೋ ಅಪರಿಚಿತರು ಕಾರಿನಲ್ಲಿ ಬಂದು ಮಿಷನ್ ತೋರಿಸು ಎಂದು ಗಂಟುಬಿದ್ದಿದ್ದರಂತೆ. ಆಕೆ ಒಳಗೆ ಬಿಟ್ಟಿರಲಿಲ್ಲ. ಮರುದಿನವೇ ಗುರುರಾಜನ ಬಳಿ ಕರೆದೊಯ್ದೆ. “ಇದು ಎಲ್ಲೆರ ಪ್ರಕಟ ಆಗೇದೇನು?” ಎಂದು ಅವನು ಕೇಳಿದ. ಪ್ರಕಟ ಎಂದರೆ ದೊಡ್ಡ ಜರ್ನಲ್ ಇರಬೇಕೆಂದುಕೊಂಡು ನಾನೇ “ಇಲ್ಲ” ಎಂದೆ. (ಅವನು ನನ್ನ ಅಂಕಣ ಓದುವುದಿಲ್ಲ.) ಮಿಷನ್ನಿನ ಹಕ್ಕು ಆಕೆಯದೇ ಆಗಿರಲೆಂದು ಪೇಟೆಂಟ್ ಅರ್ಜಿ ಹೋಯಿತು.

ಪೇಟೆಂಟ್ ಆಫೀಸಿನ ನಿಯಮ ಕಠಿಣ. ಅರ್ಜಿ ಹಾಕುವ ಮೊದಲು ಭೂಮಿಯ ಮೇಲೆ ಎಲ್ಲೇ, ಯಾವ ಭಾಷೆಯಲ್ಲೇ ಅಚ್ಚಾಗಿದ್ದರೂ ಆ ಸಂಶೋಧನೆ ಹೊಸದಲ್ಲ. ಜಪಾನಿನ ಕಡತ, ಜರ್ಮನಿಯ ನಕ್ಷೆ, ಚೀನಾದ ಅರ್ಜಿ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜಾಲಾಡುತ್ತಾರೆ. ಅಲ್ಲೆಲ್ಲೂ ಅಯ್ಯಮ್ಮನ ಉರುಳೆ ಸಿಕ್ಕಿರಲಿಲ್ಲ. ಸಿಕ್ಕಿದ್ದು ನನ್ನ ಅಂಕಣದಲ್ಲಿ!

“ಅಮೆರಿಕಾ, ಜಪಾನಿನೊಳಗ ತಾವೇ ಬಾಯಿಬಿಟ್ಟ ಮ್ಯಾಲೂ ಅರ್ಜಿ ಹಾಕ್ಲಿಕ್ಕೆ ಒಂದು ವರ್ಷ ಟೈಮ್ ಕೊಡ್ತಾರ,” ಎಂದ ಗುರುರಾಜ, ಸಂಜೆ ತನ್ನ ಕೋಣೆಯಲ್ಲಿ ಕಂಪನಿಯ ಕಾಗದ ಬಿಡಿಸಿಟ್ಟು. “ನಮ್ಮಲ್ಲಿ ಪೇಪರಿನವ್ರಿಗೆ ಹೇಳಿದ್ರ ಮುಗೀತು.”

“ದಾರೀನೇ ಇಲ್ಲೇನು?”

“ಒಂದದ. ಆಕಿ ಒಪ್ಪಿಗಿ ಇಲ್ಲದ ನೀ ಬರದಿದ್ರ, ಗೊತ್ತಾದ ಕೂಡ್ಲೆ ಆಕಿ ಅರ್ಜಿ ಹಾಕಿದ್ರ, ಕಾನೂನು ಆಕೀನ್ನ ಕಾಯ್ತದ. ನೀ ಆಕೀನ್ನ ಕೇಳಿ ಬರದಿದ್ದೇನು?”

“ಕೇಳಿರಲಿಲ್ಲ.”

“ಹಂಗಾದ್ರ ಈ ಕೊನೀ ಸಾಲು?”

ಅಂಕಣದ ಕೊನೆಗೆ ಅಯ್ಯಮ್ಮನ ಬಾಯಲ್ಲಿ ಹೀಗೆ ಹೇಳಿಸಿದ್ದೆ: “ನನ್ನ ಶ್ರಮದ ಫಲ ಎಲ್ಲ ಅಕ್ಕತಂಗಿಯರಿಗೂ ಮುಕ್ತವಾಗಿ ತಲುಪಲಿ.” ಉದ್ಧರಣ ಚಿಹ್ನೆಯೊಳಗೆ. ಕಂಪನಿಯವರು ಅದಕ್ಕೆ ಕೆಂಪು ಗೆರೆ ಎಳೆದಿದ್ದರು. ಒಪ್ಪಿಗೆಗೆ ಇದಕ್ಕಿಂತ ಸಾಕ್ಷಿ ಬೇಕೆ?

ಆಕೆ ಆ ಮಾತು ಆಡಿರಲಿಲ್ಲ. ನಿಜವಾಗಿ ಆಡಿದ್ದು, “ಇನ್ನ ಮುಗದಿಲ್ರಿ ಅಕ್ಕಾರ, ಯಾರ ಮುಂದೂ ಅನಬ್ಯಾಡ್ರಿ.” ಸಂಕೋಚಕ್ಕೆ ಹಾಗನ್ನುತ್ತಾರೆ ಎಂದುಕೊಂಡಿದ್ದೆ. ಅಂಕಣಕ್ಕೊಂದು ಒಳ್ಳೆಯ ಮುಕ್ತಾಯ ಬೇಕಿತ್ತು. ಬರೆದುಬಿಟ್ಟೆ.

ಮರುದಿನ ರಜೆ ಹಾಕಿ ದೇವದುರ್ಗದ ಬಸ್ ಹತ್ತಿದೆ. ಬೈದರೆ ಬೈಸಿಕೊಳ್ಳೋಣ ಎಂದು ಸಿದ್ಧಳಾಗಿಯೇ ಹೋಗಿದ್ದೆ. ಕಂಪನಿಯವರು ಆ ಕೊನೆಯ ಸಾಲು ಹಿಡಿದು ವಿರೋಧಿಸಿದ್ದನ್ನು ಹೇಳಿದೆ; ಅಯ್ಯಮ್ಮ ಬೈಯಲಿಲ್ಲ.

“ಬಾಜೂ ಮನಿಯಾಕಿ ಓದಿ ಹೇಳಿದ್ಲರಿ. ನಾ ಯಾವಾಗ ಹಂಗ ಅಂದ್ನಿ ಅಂತ ಭಾಳ ವಿಚಾರ ಮಾಡಿದ್ನಿ. ಪೇಪರ್‌ನ್ಯಾಗ ಬಂದೈತಿ, ಅಕ್ಕಾರು ಬರದಾರ. ನಾನೇ ಅಂದು ಮರತಿರಬೇಕು ಅಂತ ಸುಮ್ನಾದ್ನಿ.”

ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಅಚ್ಚಾದ ನನ್ನ ಸುಳ್ಳಿನ ಮುಂದೆ ಆಕೆ ತನ್ನ ನೆನಪನ್ನೇ ಅನುಮಾನಿಸಿದ್ದರು. ನಾನು ತಲೆ ಎತ್ತದೆ ಹೇಳಿದೆ: “ನೀವು ಅಂದಿರಲಿಲ್ಲರೀ ಅಯ್ಯಮ್ಮ. ನಾನೇ ಕಟ್ಟಿದ್ದು.”

ಆಕೆ ಕೇಳಿದರು: “ಅದನ್ನ ಆ ಆಫೀಸಿನ ಸಾಹೇಬರ ಮುಂದ ಹೇಳ್ತೀರೇನ್ರಿ?”

ಹೇಳಲೇಬೇಕಿತ್ತು, ಅದೂ ಪ್ರಮಾಣಪತ್ರದಲ್ಲಿ. ‘ಸದರಿ ಮಾತು ನನ್ನ ಸ್ವಂತ ಕಲ್ಪನೆ’ ಎಂಬ ಸಾಲಿನ ಕೆಳಗೆ ಸಹಿ ಮಾಡುವಾಗ ಪೆನ್ನು ಎರಡು ಸಲ ನಿಂತಿತು. ಅಂಕಣ ಹೋಗಬಹುದು. ಸಂಪಾದಕರು ಏನೆಂದಾರು? ಸ್ಟಾಫ್ ರೂಮಿನಲ್ಲಿ ಏನು ಮಾತಾಡಿಕೊಂಡಾರು?

ವಿಚಾರಣೆ ನಡೆದದ್ದು ವಿಡಿಯೊದಲ್ಲಿ. ಗುರುರಾಜನ ಪುಟ್ಟ ಕೋಣೆ, ಒಂದು ಲ್ಯಾಪ್‌ಟಾಪ್, ಅಯ್ಯಮ್ಮ ಸೇರಿ ನಾವು ಮೂವರು. ಎದುರಿನ ವಕೀಲರು ನನ್ನ ಕೊನೆಯ ಸಾಲನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಓದಿದರು. ಆಮೇಲೆ ಕೇಳಿದರು: “ಅಂದು ಸುಳ್ಳು ಬರೆದೆ ಎನ್ನುವವರು ಇಂದು ನಿಜ ಬರೆದಿದ್ದಾರೆಂದು ಹೇಗೆ ನಂಬುವುದು? ಅದರ ಮೇಲೆ ಏಜೆಂಟರ ಬಂಧು ಬೇರೆ.”

ಗುರುರಾಜ ನೀರು ಕುಡಿದ.

ವಕೀಲರ ಮಾತನ್ನು ಗುರುರಾಜ ಅಯ್ಯಮ್ಮನಿಗೆ ಪಿಸುದನಿಯಲ್ಲಿ ತಿಳಿಸುತ್ತಿದ್ದ. ಅಯ್ಯಮ್ಮ ಸೆರಗು ಸರಿಮಾಡಿಕೊಂಡು, “ನಾ ಮಾತಾಡಬಹುದೇನ್ರಿ?” ಎಂದರು. ವಿಚಾರಣೆ ನಡೆಸುತ್ತಿದ್ದ ಪೇಟೆಂಟ್ ಆಫೀಸಿನ ಅಧಿಕಾರಿ ಒಪ್ಪಿದರು.

“ಸಾಹೇಬ್ರ, ನಾ ಓದಿದಾಕಿ ಅಲ್ಲ. ‘ಶ್ರಮದ ಫಲ’ ಅಂದ್ರ ಏನಂತ ಈ ಸರ್ ನಿನ್ನಿ ತಿಳಿಸಿ ಹೇಳಿದ್ರು. ನನಗ ಗೊತ್ತಿಲ್ಲದ ಮಾತು ನನ್ನ ಬಾಯಾಗ ಹ್ಯಾಂಗ ಬರತೈತ್ರಿ?”

ಗುರುರಾಜ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಪರದೆಯ ಆಚೆ ಅಧಿಕಾರಿ ಏನೋ ಬರೆದುಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ.

ಆಮೇಲೆ ಕಾಯುವ ವಾರಗಳು. ಕೊನೆಗೆ ಆದೇಶ ಬಂತು: ಪ್ರಕಟಣೆಗೆ ಅರ್ಜಿದಾರಳ ಒಪ್ಪಿಗೆ ಇರಲಿಲ್ಲ, ವಿರೋಧ ವಜಾ, ಪೇಟೆಂಟ್ ಮಂಜೂರು. ಫೋನಿನಲ್ಲಿ ಹೇಳಿದಾಗ ಅಯ್ಯಮ್ಮ, “ಆತ್ರಿ, ಛಲೋ ಆತು” ಎಂದಷ್ಟೇ ಅಂದರು. ಹಿಂದೆ ಉರುಳೆ ತಿರುಗುವ ಸದ್ದು ಕೇಳುತ್ತಿತ್ತು. ಫೋನ್ ಇಟ್ಟ ಮೇಲೆ ನಾನು ಅತ್ತುಬಿಟ್ಟೆ.

ಆ ಆದೇಶ ಈಗ ಪೇಟೆಂಟ್ ಆಫೀಸಿನ ವೆಬ್‌ಸೈಟಿನಲ್ಲಿದೆ. ಯಾವ ದೇಶದಲ್ಲಿ ಕೂತು ಯಾರು ಹುಡುಕಿದರೂ ಸಿಗುತ್ತದೆ: ಮಾತು ಕಟ್ಟಿ ಬರೆದ ಲೇಖಕಿ, ನನ್ನ ಹೆಸರಿನ ಸಮೇತ. ಸಂಪಾದಕರು ಬೈದರು, ಅಂಕಣ ಉಳಿಸಿದರು. ಬೇರೆಯವರ ಬದುಕನ್ನು ಬರೆಯುವಾಗ ಕೇಳಬೇಕೆಂದು ಕಲಿಯಲು ನನಗೆ ಒಂದು ಕಾನೂನಿನ ಕಲಮೇ ಬೇಕಾಯಿತು ನೋಡಿ.

ಇದನ್ನು ಮಾತ್ರ ಕಳಿಸುವ ಮುನ್ನ ಅಯ್ಯಮ್ಮನಿಗೆ ಪೂರ್ತಿ ಓದಿ ಹೇಳಿದೆ. ಆಕೆ ಒಂದು ಸಾಲು ತೆಗೆಯಿರಿ ಎಂದರು, ತೆಗೆದೆ. ಅದೇ ಈ ಬರಹದ ಅತ್ಯಂತ ಚೆಂದದ ಸಾಲಾಗಿತ್ತು.