ಇಪ್ಪತ್ತು ಸೆಕೆಂಡ್ ಕಡಿಮೆ

ಆ ವರ್ಷ ಶಾಲೆಗಳೆಲ್ಲ ಮುಚ್ಚಿದಾಗ ಅಮೆರಿಕದ ಅಲ್ಫರೆಟಾದ ನಮ್ಮ ಭಾನುವಾರದ ಕನ್ನಡ ತರಗತಿಯೂ ಆನ್‌ಲೈನ್ ಆಯಿತು. ಟೀಚರ್ ನಾನೊಬ್ಬಳೇ. ಪಾಠಗಳನ್ನು ವಿಡಿಯೊ ಮಾಡಿ ಹಾಕುತ್ತಿದ್ದೆ. ಮಕ್ಕಳೋ, ನೋಡದೆಯೇ ‘ನೆಕ್ಸ್ಟ್’ ಒತ್ತಿ ಹತ್ತು ನಿಮಿಷದಲ್ಲಿ ಹತ್ತು ಪಾಠ ಮುಗಿಸಿ ಕೂರುತ್ತಿದ್ದವು. ನನಗೆ ಮೈಯೆಲ್ಲ ಉರಿಯಿತು. ಈ ಕಳ್ಳಾಟ ನನ್ನ ಹತ್ತಿರ ನಡೆಯುವುದಿಲ್ಲ ಎಂದು ಒಂದೊಂದು ಪಾಠಕ್ಕೂ ಷರತ್ತು ಹಾಕುತ್ತಾ ಹೋದೆ. ವಿಡಿಯೊ ಪೂರ್ತಿ ನೋಡಬೇಕು, ಕೊಟ್ಟ ಕೆಲಸ ಮಾಡಬೇಕು. ಆಗಲೇ ಹಸಿರು ಟಿಕ್, ಆಗಲೇ ಮುಂದಿನ ಪಾಠ. ಅಪ್ಪ ಅಮ್ಮಂದಿರು ಭೇಷ್ ಎಂದರು.

ಆರನೇ ಪಾಠಕ್ಕೆ ಊರಿನಲ್ಲಿರುವ ಅಜ್ಜಿಗೋ ತಾತನಿಗೋ ಫೋನ್ ಮಾಡಿ, ಅವರ ಮಾತನ್ನು ಪಾಠದ ಪುಟದಲ್ಲೇ ರೆಕಾರ್ಡ್ ಮಾಡಬೇಕಿತ್ತು. ಎರಡು ನಿಮಿಷಕ್ಕೆ ಕಡಿಮೆ ಇರಕೂಡದು. ಕಂಪ್ಯೂಟರಿನಲ್ಲಿ ಜಾಗ ಉಳಿಯಲಿ ಅಂತ, ಮತ್ತೆ ರೆಕಾರ್ಡ್ ಮಾಡಿದರೆ ಹಳೆಯದು ಅಳಿಸಿಹೋಗುವಂತೆ ಇಟ್ಟಿದ್ದೆ.

ಧಾರವಾಡದ ಕಡೆಯ ದಂಪತಿಯ ಹತ್ತು ವರ್ಷದ ಮಗಳು ಎಲ್ಲರಿಗಿಂತ ಮೊದಲು ಕಳಿಸಿದಳು. ಅವಳ ಅಜ್ಜಿ ಕಡಲೆಹಿಟ್ಟಿನ ಜುಣಕ ಮಾಡುವುದು ಹೇಗೆಂದು ಹೇಳುತ್ತಿದ್ದರು. ನಡುವೆ ಮೊಮ್ಮಗಳ ಕನ್ನಡ ಕೇಳಿ ಬಿದ್ದು ಬಿದ್ದು ನಕ್ಕರು. ಕೊನೆಗೆ, “ಸಾಕ್ ಬಿಡವ್ವಾ, ಉಳದದ್ದು ನಾಳೆ ಹೇಳ್ತೀನಿ” ಎಂದು ಫೋನ್ ಇಟ್ಟುಬಿಟ್ಟರು. ಒಂದು ನಿಮಿಷ ನಲವತ್ತು ಸೆಕೆಂಡ್. ನಾನೂ ನಕ್ಕೆ. ನಕ್ಕು, ‘ಇಪ್ಪತ್ತು ಸೆಕೆಂಡ್ ಕಡಿಮೆ ಇದೆ ಪುಟ್ಟಿ, ಇನ್ನೊಂದ್ಸಲ ಮಾಡು’ ಎಂದು ಬರೆದು ವಾಪಸ್ ಕಳಿಸಿದೆ.

ಮೂರು ವಾರ ಅವಳಿಂದ ಏನೂ ಬರಲಿಲ್ಲ. ‘ಆರನೇ ಪಾಠ ಬಾಕಿ ಇದೆ’ ಎಂಬ ಮೇಲ್ ಮಾತ್ರ ಅವರ ಮನೆಗೆ ತಾನಾಗಿ ಹೋಗುತ್ತಿತ್ತು. ಆಮೇಲೊಂದು ದಿನ ಹಸಿರು ಟಿಕ್ ಬಿತ್ತು. ಎರಡು ನಿಮಿಷ ದಾಟಿದ್ದರಿಂದ ಕಂಪ್ಯೂಟರೇ ಒಪ್ಪಿಕೊಂಡಿತ್ತು. ನಾನು ಅದನ್ನು ಹಾಕಿ ಕೇಳಲೂ ಇಲ್ಲ.

ಮುಂದಿನ ಬೇಸಗೆಯಲ್ಲಿ ಪಕ್ಕದೂರು ನಾರ್‌ಕ್ರಾಸ್‌ನ ಅಂಗಡಿಯಲ್ಲಿ ಹುಡುಗಿಯ ತಾಯಿ ಸಿಕ್ಕರು.

“ನಮ್ಮ ಅತ್ತಿ ಹೋದ್ರು ಮೇಡಂ. ಹ್ವಾದ ವರ್ಷ, ಕೋವಿಡ್‌ನಾಗ. ಹೋಗಾಕೂ ಆಗ್ಲಿಲ್ಲ. ಅವರ ದನಿ ನಮ್ಮ ಹತ್ರ ಎಲ್ಲೂ ಇಲ್ಲ. ಆ ಜುಣಕದ್ದು ನಿಮ್ಮ ಹತ್ರ ಐತಲ್ರಿ? ಹುಡುಗಿ ದಿನಾ ಕೇಳ್ತಾಳ.”

“ಇರುತ್ತೆ ರೀ. ಇವತ್ತೇ ಕಳಿಸ್ತೀನಿ” ಎಂದೆ.

ಮನೆಗೆ ಬಂದು ತೆಗೆದೆ. ಇದ್ದದ್ದು ಎರಡನೆಯದೊಂದೇ. ಅಲ್ಲಿ ಊರಿನಲ್ಲಿ ಯಾರೋ ಫೋನನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದಿರಬೇಕು. ಎಳೆದೆಳೆದು ಬರುವ ಉಸಿರು, ಹಿಂದೆ ಯಾವುದೋ ಯಂತ್ರದ ಗುಂಯ್ ಸದ್ದು. “ಅಜ್ಜಿ, ಟಾಕ್ ಮಾಡು. ಟ್ವೆಂಟಿ ಸೆಕೆಂಡ್ಸ್ ಅಷ್ಟೇ.” ಮತ್ತೆ ಉಸಿರು. “ಅಜ್ಜಿ, ಪ್ಲೀಸ್.” ಎರಡು ನಿಮಿಷ ಮೂರು ಸೆಕೆಂಡ್, ಪಕ್ಕದಲ್ಲಿ ನನ್ನ ಹಸಿರು ಟಿಕ್.

ಷರತ್ತುಗಳನ್ನೆಲ್ಲ ಕಿತ್ತುಹಾಕಿದೆ. ಅದರಿಂದ ಯಾರಿಗೇನು ಬಂತು? ತಾಯಿಗೆ ಫೋನ್ ಮಾಡಿ, ಮೊದಲನೆಯದು ಅಳಿಸಿಹೋಗಿದೆ, ತಪ್ಪು ನನ್ನದು ಎಂದೆ. ಫೋನ್ ಹುಡುಗಿಯ ಕೈಗೆ ಹೋಯಿತು.

“ಆಂಟಿ, ಸೆಕೆಂಡ್ ಒನ್ ಐತಾ?”

“ಇದೆ ಪುಟ್ಟಿ. ಆದ್ರೆ ಅದರಲ್ಲಿ ಅಜ್ಜಿ ಮಾತಾಡಿಲ್ಲ.”

“ಇಟ್ಸ್ ಓಕೆ. ಅದ ಕಳ್ಸಿ. ಅದ್ರಾಗ ಅಜ್ಜಿ ಇದ್ದಾಳ.”

ಕಳಿಸಿದೆ. ಇವತ್ತಿಗೂ ಪಾತ್ರೆ ತೊಳೆಯುವಾಗಲೋ ಕಾರು ಸಿಗ್ನಲ್ಲಿನಲ್ಲಿ ನಿಂತಾಗಲೋ ಆ ಉಸಿರು ನನ್ನ ಕಿವಿಯಲ್ಲಿ ಶುರುವಾಗುತ್ತದೆ. ನಾನು ಸೆಕೆಂಡ್ ಎಣಿಸತೊಡಗುತ್ತೇನೆ.