ಲೈಟ್ ಹಿಡಿದವನ ಫೋಟೊ

ಮಕ್ತಲ್ ಬಸ್ ನಿಲ್ದಾಣದ ಎದುರಿನ ಸ್ಟುಡಿಯೊದ ಬಸವಪ್ರಸಾದನ ಕೈಗೆ ಸಿಕ್ಕರೆ ಯಾರೂ ಕಪ್ಪಗೆ ಉಳಿಯುವುದಿಲ್ಲ. ಮಚ್ಚೆ, ಸುಕ್ಕು, ಸಿಡುಬಿನ ಕಲೆ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಒರೆಸಿ ಊರಿಗೆ ಊರನ್ನೇ ಬೆಳ್ಳಗೆ ಮಾಡಿದ ಪುಣ್ಯಾತ್ಮ ಆತ. ನಾರಾಯಣಪೇಟೆಯಿಂದ ಗದ್ವಾಲದವರೆಗೆ ತನ್ನಂಥ ಫೋಟೊಗ್ರಾಫರ್ ಇನ್ನೊಬ್ಬನಿಲ್ಲ ಎಂದು ನಂಬಿದ್ದ. ಆ ನಂಬಿಕೆಯಲ್ಲೇ ಹಳೆಯ ಕ್ಯಾಮೆರಾವನ್ನು ಹೆಂಡತಿ ಗಂಗಾಂಬಿಕಾಳ ಕೈಗೆ ಕೊಟ್ಟ. ಅಲ್ಲೇ ಎಡವಟ್ಟಾಯಿತು.

ಆಕೆ ಯಾರನ್ನೂ ಸ್ಟೂಲಿನ ಮೇಲೆ ಕೂಡಿಸಲಿಲ್ಲ, ಗದ್ದ ಎತ್ತಿ ಎನ್ನಲಿಲ್ಲ. ಸೊಪ್ಪು ಮಾರುವ ಹಣಮಮ್ಮ ಹಲ್ಲಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದು ನಗುವಾಗ ತೆಗೆದಳು. ಆ ಮುದುಕಿ ಫೋಟೊ ಹಿಡಿದುಕೊಂಡು ನೇರ ಸ್ಟುಡಿಯೊಗೇ ಬಂದಳು.

"ಯಪ್ಪಾ, ನೀ ಮೊದ್ಲ ತೆಗದಿದ್ದು ನೋಡಿ ನನ್ನ ಮಗಳು ಇದ್ಯಾರಬೇ ಅಂದ್ಲು. ಇದು ನೋಡು, ಇದರಾಗ ನಾ ಅದೀನಿ."

ಬಸವಪ್ರಸಾದನಿಗೆ ಮೈಯೆಲ್ಲ ಉರಿಯಿತು. ಕೊಟ್ಟ ಕ್ಯಾಮೆರಾ ಕಸಿದುಕೊಳ್ಳಲು ನಾಚಿಕೆ, ಬಿಡಲು ಸಂಕಟ. ಫೋಕಸ್ ಸರಿಯಿಲ್ಲ ಎಂದು ಗೊಣಗಿದ. ಸರಿಯಾಗಿಯೇ ಇತ್ತು.

ಗದ್ವಾಲದ ಒಂದು ಮದುವೆಗೆ ಆಕೆಯನ್ನೂ ಕರೆತನ್ನಿ ಎಂದು ಹೆಣ್ಣಿನ ಕಡೆಯವರೇ ಹೇಳಿದರು. ಅಲ್ಲಿ ಹೆಂಗಸರೆಲ್ಲ ಜರಿ ಸೆರಗು ಸರಿಮಾಡಿಕೊಂಡು ಗಂಗಾಂಬಿಕಾಳನ್ನೇ ಸುತ್ತಿಕೊಂಡರು. ಮದುಮಗಳ ತಾಯಿ ಇವನ ಕಡೆ ತಿರುಗಿ, "ಅಣ್ಣಾರ, ಅಕ್ಕಾರಿಗೆ ಒಂಚೂರು ಲೈಟ್ ಹಿಡೀರಿ" ಎಂದಳು. ಅರ್ಧ ಆಯುಷ್ಯ ಮದುವೆಗಳಲ್ಲೇ ಕಳೆದವನು ಹೆಂಡತಿಗೆ ಲೈಟ್ ಹಿಡಿದು ನಿಂತ.

ಮರುದಿನ ಆಕೆಯ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ, ಒಂದಾದರೂ ಕೆಟ್ಟಿರಲಪ್ಪಾ ಎಂದು ಹುಡುಕುತ್ತ ಕುಳಿತ. ಸಿಕ್ಕಿದ್ದು ತಾನೇ. ಲೈಟ್ ಹಿಡಿದು ನಿಂತಿದ್ದಾನೆ. ಬಿಗಿದ ತುಟಿ, ನುಂಗುವಂಥ ಕಣ್ಣು, ಮುಖದ ತುಂಬ ಹೊಟ್ಟೆಕಿಚ್ಚು. ಇದನ್ನೂ ಇಷ್ಟು ಚೆನ್ನಾಗಿ ತೆಗೆದಿದ್ದಾಳಲ್ಲ ಎಂದು ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು.

ತನಗೆ ಗೊತ್ತಿದ್ದ ಕೆಲಸಕ್ಕೇ ಕೈ ಹಾಕಿದ, ಒರೆಸತೊಡಗಿದ. ಕಪ್ಪು ಹೋಯಿತು, ಸುಕ್ಕು ಹೋಯಿತು. ಕಣ್ಣು ಮಾತ್ರ ಹಾಗೆಯೇ ಉರಿಯುತ್ತಿತ್ತು.

ಚಹಾ ತಂದ ಗಂಗಾಂಬಿಕಾ ಅವನ ಬೆನ್ನ ಹಿಂದೆ ನಿಂತು ನೋಡಿದಳು.

"ಅದಕ್ಕ ಕೈ ಹಚ್ಚಬ್ಯಾಡ್ರಿ. ಲಗ್ನ ಆಗಿ ಇಷ್ಟು ವರ್ಷದಾಗ ನೀವು ನನ್ನ ನೆಟ್ಟಗ ನೋಡಿದ್ದು ನಿನ್ನಿ ಒಂದ ದಿನ ರೀ."