ಐದು ಸಂತೆಗಳ ಚಿಮಣಿ ಎಣ್ಣೆ

ಹಳಿಯಾಳದ ನಮ್ಮ ಓಣಿಗೆ ಆಗಿನ್ನೂ ವಿದ್ಯುತ್ ಬಂದಿರಲಿಲ್ಲ. ಮನೆಗೊಂದು ಕಂದೀಲು, ಅಡಿಗೆಮನೆಯ ಮೂಲೆಯಲ್ಲಿ ಚಿಮಣಿ ಎಣ್ಣೆಯ, ಎಂದರೆ ಸೀಮೆಎಣ್ಣೆಯ, ಡಬ್ಬಿ. ನಾನು ನಾಲ್ಕನೆಯ ಇಯತ್ತೆಯ ಹುಡುಗಿ. ಆಕಳು ಎಂದು ಕರು ಹಾಕಿತು, ಅಪ್ಪನ ಮೋಟಾರು ಎಷ್ಟು ಸಲ ಪಂಕ್ಚರ್ ಆಯಿತು, ಎಲ್ಲವನ್ನೂ ತಾರೀಖು ಹಾಕಿ ವಹಿಯಲ್ಲಿ ಬರೆದಿಡುವ ಚಟ.

ಅಪ್ಪ ಮಾಲಕರೊಬ್ಬರ ಬಾಡಿಗೆ ಮೋಟಾರನ್ನು ದಾಂಡೇಲಿಗೆ ಓಡಿಸುತ್ತಿದ್ದ. ಆ ಬೇಸಿಗೆ ಪೆಟ್ರೋಲು ತುಟ್ಟಿಯಾಗಿ ಮಾಲಕರು ಅಳೆದು ಕೊಡತೊಡಗಿದರು. ಅಪ್ಪ ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿ ಉರುಳಿಸುವುದನ್ನು ಕಲಿತ.

ಅದೇ ಹೊತ್ತಿಗೆ ಡಬ್ಬಿಯ ಎಣ್ಣೆ ಬೇಗ ಇಳಿಯತೊಡಗಿತು. "ಯಾರೋ ಕದಿಯಾಕತ್ತಾರ" ಎಂದಳು ಅವ್ವ. ನಾನು ಕಸಬರಿಗೆಯ ಕಡ್ಡಿ ಅದ್ದಿ ದಿನಾ ಮಟ್ಟ ಬರೆದೆ. ಉಳಿದ ದಿನ ಅರ್ಧ ಬೆರಳು ಇಳಿದರೆ ಸಂತೆಯ ದಿನ ನಾಲ್ಕು ಬೆರಳು. ಐದು ಸಂತೆ, ಐದೂ ಸಲ ಹಾಗೇ. ಪಕ್ಕದಲ್ಲಿ ಮನೆಗೆ ಬಂದವರ ಹೆಸರು. ಸಂತೆಯ ದಿನ ತಪ್ಪದೆ ಬಂದವಳು ಒಬ್ಬಳೇ, ಎದುರುಮನೆಯ ಶಾಂತಕ್ಕ.

ಶಾಂತಕ್ಕ ಕೇಳದೆಯೇ ಅಡಿಗೆಮನೆಗೆ ಬರುವವಳು. ಬದನೆಕಾಯಿಯ ಬುಟ್ಟಿಯನ್ನು ಒಲೆಯ ಪಕ್ಕ ಇಟ್ಟು, ನನ್ನ ತಲೆ ಹೆಣೆದು, "ಏನ್ ಲೆಕ್ಕದ ಕುಲಕರ್ಣ್ಯಾರ, ಇವತ್ತ ನನ್ನ ಹೆಸರ ಬರದ್ರೇನು?" ಎಂದು ಚಾಷ್ಟಿ ಮಾಡಿ ಸಂತೆಗೆ ಹೋಗುತ್ತಿದ್ದಳು.

ಆರನೆಯ ಸಂತೆಯ ಮುಂಜಾನೆ ಅವ್ವ ವಹಿ ತೆರೆದು ಅವಳ ಮುಂದೆ ಹಿಡಿದಳು.

"ಬುಟ್ಟಿ ತೋರಸ, ಶಾಂತಾ."

"ಯಾಕಕ್ಕಾ?"

"ನೀ ಬಂದ ದಿನಾನ ಎಣ್ಣಿ ಕಮ್ಮಿ ಆಗತೈತಿ."

ಬುಟ್ಟಿಯಲ್ಲಿ ಬದನೆಕಾಯಿ, ನನಗೆಂದು ಕುಟ್ಟಿ ತಂದ ಹುಣಸೆ ಚಿಗಳಿ. ಅಷ್ಟೇ. "ಇವತ್ತ ಸಿಗಲಿಲ್ಲ" ಎಂದಳು ಅವ್ವ. ಶಾಂತಕ್ಕ ಚಿಗಳಿಯನ್ನು ಒಲೆಕಟ್ಟೆಯ ಮೇಲಿಟ್ಟು ಹೊರಟುಹೋದಳು. ಅಪ್ಪ ಅಲ್ಲೇ ರೊಟ್ಟಿ ಮುರಿಯುತ್ತ ಕುಳಿತಿದ್ದ. ತಲೆ ಎತ್ತಲಿಲ್ಲ.

ಮುಂದಿನ ಸಂತೆಗೆ ಶಾಂತಕ್ಕ ಬರಲಿಲ್ಲ. ಎಣ್ಣೆ ಮಾತ್ರ ಮುಂಜಾನೆಯೇ ನಾಲ್ಕು ಬೆರಳು ಇಳಿದಿತ್ತು. ಅವತ್ತು ದಾಂಡೇಲಿ ನೋಡಬೇಕೆಂದು ನಾನು ಹಟ ಹಿಡಿದು ಅಪ್ಪನ ಮೋಟಾರು ಹತ್ತಿದೆ. ಏರಿನಲ್ಲಿ ಅದು ಕೆಮ್ಮಿ ಕರಿಹೊಗೆ ಕಾರಿತು.

"ಅಪ್ಪಾ, ನಮ್ಮ ಕಂದೀಲಿನ ವಾಸನಿ ಬರಾಕತ್ತೈತಿ!"

"ಡ್ರೈವರಣ್ಣಾ, ನಿನ್ನ ಮಗಳ ಮೂಗಿನ ಮುಂದ ಪೊಲೀಸ್ರೂ ನಿಲ್ಲಂಗಿಲ್ಲ ಬಿಡು" ಎಂದು ಹಿಂದಿನ ಸೀಟಿನವರು ನಕ್ಕರು.

ಅವರೆಲ್ಲ ದಾಂಡೇಲಿಯಲ್ಲಿ ಇಳಿದ ಮೇಲೆ ಅಪ್ಪ ಮೆಲ್ಲಗೆ ಅಂದ: "ಮಾಲಕರು ಕೊಡೂ ಪೆಟ್ರೋಲ ಸಾಲೂದಿಲ್ಲವ್ವಾ. ಸಂತಿ ದಿನಾ ಎರಡ ಖೇಪ ಹೆಚ್ಚಿಗಿ ಓಡಸಬೇಕು. ಎಣ್ಣಿ ಬೆರಸಲಿಲ್ಲಂದ್ರ ಗಾಡಿ ನಡುದಾರ್ಯಾಗ ನಿಲ್ಲತೈತಿ, ನನ್ನ ಕೆಲಸಾನೂ ಹೋಗತೈತಿ."

"ಮತ್ತ ಶಾಂತಕ್ಕ?"

ಅಪ್ಪ ಮೋಟಾರು ಹೊರಳಿಸಿದ. ಮರಳುವಾಗ ಇಳಿಜಾರಿನಲ್ಲಿ ಇಂಜಿನ್ ಬಂದ್ ಮಾಡಿದ. ಚಕ್ರದ ಸಪ್ಪಳ ಬಿಟ್ಟರೆ ಏನೂ ಕೇಳಲಿಲ್ಲ.

ನಾನೇ ಅವ್ವನಿಗೆ ಹೇಳಿದೆ. ಅವ್ವ ಎದುರುಮನೆಗೆ ಓಡಿ ಶಾಂತಕ್ಕನ ಕೈ ಹಿಡಿದಳು. "ಆತು ಬಿಡಕ್ಕಾ, ಹುಡುಗಿ ಬರದದ್ದು ಸುಳ್ಳಲ್ಲ. ನಾ ಬಂದಿದ್ದೆ" ಎಂದಳು ಶಾಂತಕ್ಕ. ಮತ್ತೆ ಬರತೊಡಗಿದಳು ಕೂಡ. ಆದರೆ ಬುಟ್ಟಿಯನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಹೊಸ್ತಿಲಾಚೆ ನಿಂತು ಕೂಗುತ್ತಿದ್ದಳು. ನನ್ನ ತಲೆ ಅವ್ವನೇ ಹೆಣೆಯಬೇಕಾಯಿತು.

ಈಗ ಓಣಿಯ ಮನೆಮನೆಗೂ ವಿದ್ಯುತ್ತು, ಗ್ಯಾಸು. ಚಿಮಣಿ ಎಣ್ಣೆಯ ವಾಸನೆ ನನ್ನ ಮೊಮ್ಮಕ್ಕಳಿಗೆ ಗೊತ್ತಿಲ್ಲ. ಆ ವಹಿ ಇನ್ನೂ ನನ್ನ ಬಳಿ ಇದೆ. ತಾರೀಖು, ಬೆರಳು, ಒಂದೂ ತಪ್ಪಿಲ್ಲ. ಮನೆಯವನೇ ಆದ ಅಪ್ಪನ ಹೆಸರನ್ನೂ ಬರೆಯಬೇಕೆಂದು ನನಗೆ ಹೊಳೆದಿರಲಿಲ್ಲ, ಅಷ್ಟೇ. ಕೇಳದೆ ಒಳಗೆ ಬರುವವರು ಮಾತ್ರ ನಮ್ಮ ಅಡಿಗೆಮನೆಗೆ ಮತ್ತೆ ಯಾರೂ ಬರಲಿಲ್ಲ.